ತೊಳೆದ ಪಾದಗಳನ್ನೇ ತೊಳೆಯುವುದು

ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಯಲ್ಲಿ ಧರ್ಮಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಕೊಡಗಿನ ನಮ್ಮ ಇಗರ್ಜಿಯಲ್ಲಿ ಒಮ್ಮೆ ಆ ಹನ್ನೆರಡು ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ. ನಿಜ ಹೇಳಬೇಕೆಂದರೆ, ಹೊರಡುವ ಮುನ್ನ ಮನೆಯಲ್ಲೇ ಸಾಬೂನು ಹಚ್ಚಿ ಕಾಲು ತಿಕ್ಕಿಕೊಂಡು ಹೋಗಿದ್ದೆ. ಉಳಿದವರೂ ಹಾಗೆಯೇ ಬಂದಿದ್ದರೆಂದು ಅವರ ಹಿಮ್ಮಡಿಗಳು ಹೇಳುತ್ತಿದ್ದವು. ತೋಟದ ಲೈನ್ ಮನೆಗಳಿಂದ ನಡೆದುಬಂದ ಕಾರ್ಮಿಕರು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅವರ ಒಡೆದ ಹಿಮ್ಮಡಿಗಳಿಗೆ ಬೋಗುಣಿಯ ನೀರು ತಾಗಲಿಲ್ಲ.

ಕೊನೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿದ್ದನ್ನು ಮೂರು ಶುಭಸಂದೇಶಗಳು ವರ್ಣಿಸುತ್ತವೆ. ಯೊವಾನ್ನನು ಮಾತ್ರ ಅದನ್ನು ಬಿಟ್ಟು, ತನ್ನ ಹದಿಮೂರನೆಯ ಅಧ್ಯಾಯದಲ್ಲಿ, ಗುರುವು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದುದನ್ನು ಹೇಳುತ್ತಾನೆ. ಆರಾಧನೆಯ ಮೂಲವನ್ನು ಇತರರು ಕಂಡ ಸ್ಥಳದಲ್ಲಿ ಈತ ಆಳಿನ ಕೆಲಸವನ್ನಿಟ್ಟ. ಇದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಕಾಲು ತೊಳೆದರು. ಈ ವಿಧಿಯಲ್ಲಿ ಸ್ತ್ರೀಯರಿಗೂ ಅಧಿಕೃತವಾಗಿ ಸ್ಥಾನ ದೊರೆತದ್ದು 2016ರಲ್ಲಿ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ, ಹಿಂದಿನ ಸಾಲಿನವರೆಗೆ ನಡೆದರೆ ಸಾಕಿತ್ತು.

ಹರ್ಮನ್ ಮೋಗ್ಲಿಂಗ್ ನೆನಪಾಗುತ್ತಾರೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಈ ವಿದ್ವಾಂಸರು 1850ರ ದಶಕದಲ್ಲಿ ಕೊಡಗಿಗೆ ಬಂದು, ಅಮ್ಮತ್ತಿಯ ಬಳಿ ಆನಂದಪುರವೆಂಬ ನೆಲೆಯನ್ನು ಕಟ್ಟಿದರು. ಅಲ್ಲಿ ನೆಲೆಸಿದವರು ಒಡೆಯರ ಭೂಮಿಯಲ್ಲಿ ಜೀತ ಮಾಡುತ್ತಿದ್ದ ದಲಿತರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದೂ ಈ ದಿನಗಳಲ್ಲೇ, 1858ರಲ್ಲಿ. ಅವರ ಪ್ರಾಟೆಸ್ಟಂಟ್ ಪಂಥದಲ್ಲಿ ನಮ್ಮಂತೆ ಗುರುವಾರದ ಬೋಗುಣಿ ಇರಲಿಲ್ಲ. ಆ ಸೇವೆಯೊಡನೆ ಮತಾಂತರದ ಲೆಕ್ಕಾಚಾರವೂ ಬೆರೆತಿತ್ತೆಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೂ ಯಾರ ನಡುವೆ ಬದುಕಬೇಕೆಂಬ ಆಯ್ಕೆಯಲ್ಲಿ ಅವರು ನಮಗಿಂತ ಸ್ಪಷ್ಟವಾಗಿದ್ದರು.

ನಾವಾದರೂ ಇಲ್ಲಿಗೆ ಆಶ್ರಯ ಬೇಡಿ ಬಂದವರೇ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಒಡೆಯರು ನೆಲೆ ಕೊಟ್ಟರು. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ ಸ್ಥಾಪನೆಯಾದದ್ದು ಹಾಗೆ. ಇಂದು ಅಸ್ಸಾಮಿನಿಂದ ಬಂದು ನಮ್ಮ ಕಾಫಿ ಕೊಯ್ಯುವವರಿಗೆ ನಾವು ಕೊಟ್ಟದ್ದೇನು? ದೊಡ್ಡ ತೋಟಗಳಲ್ಲಿ ಕುಡಿಯುವ ನೀರು ಮಾಲೀಕನ ಹೊಣೆಯೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ನನ್ನದು ಚಿಕ್ಕ ತೋಟ, ಆ ಕಾಯ್ದೆಯ ಹೊರಗಿನದು. ಅಲ್ಲಿನ ನಾಲ್ಕು ಲೈನ್ ಮನೆಗಳಿಗೆ ಒಂದೇ ನಲ್ಲಿ, ಬೇಸಿಗೆಯಲ್ಲಿ ಅದೂ ಬತ್ತುತ್ತದೆ. ಪವಿತ್ರ ಗುರುವಾರ ಬರುವುದೂ ಬೇಸಿಗೆಯಲ್ಲೇ.

ಈ ವರ್ಷವೂ ಹನ್ನೆರಡು ಕುರ್ಚಿಗಳಲ್ಲೊಂದಕ್ಕೆ ನನಗೆ ಕರೆ ಬಂದಿತ್ತು. ಲೈನಿಗೆ ಕೊಳವೆ ಎಳೆಸುವ ಕೆಲಸ ಮೊದಲು ಮುಗಿಯಲಿ, ಈ ಸಲ ಆ ಜಾಗದಲ್ಲಿ ಲೈನಿನವರೊಬ್ಬರನ್ನು ಕೂರಿಸಿ ಎಂದೆ.