ಅಡುಗೆಮನೆಯ ಉದ್ಯಮಕ್ಕೆ ಸಂಘದ ಹೆಗಲು

ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಮನೆಯಲ್ಲೇ ತಯಾರಿಸಿ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳ ಮೂಲಕ ದೂರದ ಊರುಗಳಿಗೆ ಮಾರುವ ಉದ್ಯಮವು ಇಂದು ಕರ್ನಾಟಕದ ಅನೇಕ ಮಹಿಳೆಯರಿಗೆ ಸ್ವಂತ ಆದಾಯದ ದಾರಿಯಾಗಿದೆ. ಅಂಗಡಿಯ ಬಾಡಿಗೆ, ಮುಂಗಡ, ಮಧ್ಯವರ್ತಿಗಳ ಕಾಟ ಇಲ್ಲವೆಂಬ ಕಾರಣಕ್ಕೆ ಇದನ್ನು ಸುಲಭ ಉದ್ಯಮವೆಂದು ಬಣ್ಣಿಸುವುದು ರೂಢಿಯಾಗಿದ್ದರೂ, ಅಂಗಡಿ ಇಲ್ಲವಾದ ಮಾತ್ರಕ್ಕೆ ಅಂಗಡಿಯ ಕೆಲಸ ಇಲ್ಲವಾಗುವುದಿಲ್ಲ. ಫೋಟೊ ತೆಗೆಯುವುದು, ವಿಚಾರಣೆಗಳಿಗೆ ಉತ್ತರಿಸುವುದು, ಪ್ಯಾಕ್ ಮಾಡುವುದು, ಕೊರಿಯರ್‌ಗೆ ಒಪ್ಪಿಸುವುದು, ಲೆಕ್ಕ ಬರೆಯುವುದು, ದೂರು ಕೇಳುವುದು ಇವೆಲ್ಲವೂ ಒಲೆಯ ಮುಂದೆ ನಿಂತ ಅದೇ ಒಬ್ಬಳ ಪಾಲಿಗೆ ಬರುತ್ತವೆ.

ಮೊದಲ ತೊಡಕು ಸಾಗಣೆಯದು. ಕೊರಿಯರ್ ಸಂಸ್ಥೆಗಳು ಪೊಟ್ಟಣದ ನಿಜ ತೂಕದ ಜೊತೆಗೆ ಗಾತ್ರತೂಕವನ್ನೂ ಲೆಕ್ಕ ಹಾಕಿ, ಎರಡರಲ್ಲಿ ಹೆಚ್ಚಿನದಕ್ಕೆ ಶುಲ್ಕ ವಿಧಿಸುತ್ತವೆ. ಬಾಕ್ಸಿನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದಾಗ ಬರುವ ಕಿಲೋ ಲೆಕ್ಕವೇ ಗಾತ್ರತೂಕ. ಹಪ್ಪಳವು ಹಗುರವಾದರೂ ಮುರಿಯದಂತೆ ಕಳಿಸಲು ದೊಡ್ಡ ಬಾಕ್ಸು ಬೇಕಾಗುವುದರಿಂದ, 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಬಾಕ್ಸಿನಲ್ಲಿಟ್ಟ ಒಂದು ಕಿಲೋ ಹಪ್ಪಳವು ಶುಲ್ಕದ ಲೆಕ್ಕದಲ್ಲಿ 3.6 ಕಿಲೋ ಆಗುತ್ತದೆ. ಸರಕು ತಲುಪಿದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ ಗ್ರಾಹಕರು ಪೊಟ್ಟಣವನ್ನು ನಿರಾಕರಿಸಿದರೆ, ಸರಕು ಮರಳಿ ಬರುವ ವೆಚ್ಚವೂ ಮುರಿದ ಹಪ್ಪಳದ ನಷ್ಟವೂ ತಯಾರಿಸಿದವಳ ತಲೆಗೇ ಬರುತ್ತವೆ.

ಎರಡನೆಯ ತೊಡಕು ಕಾನೂನಿನದು. ಇದು ಬಿಡಿ ನಿಯಮಗಳ ಕಠಿಣತೆಗಿಂತ ಅವುಗಳ ಒಟ್ಟು ಭಾರದಿಂದ ಹುಟ್ಟುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ರೂಪಿಸಿದ ನಿಯಮಗಳು ಸಣ್ಣ ತಯಾರಕರಿಗೆ ಪೂರ್ಣ ಪರವಾನಗಿಯ ಬದಲು ವರ್ಷಕ್ಕೆ 100 ರೂಪಾಯಿ ಶುಲ್ಕದ ಸರಳ ನೋಂದಣಿಯನ್ನು ಕಲ್ಪಿಸಿದ್ದು ಒಳ್ಳೆಯದೇ. ಆದರೆ ಪೊಟ್ಟಣದ ಮೇಲೆ ತಯಾರಕರ ಪೂರ್ಣ ವಿಳಾಸವನ್ನೂ ಗ್ರಾಹಕರ ದೂರಿಗೆ ಸಂಪರ್ಕ ಸಂಖ್ಯೆಯನ್ನೂ ಮುದ್ರಿಸಬೇಕೆಂಬ ನಿಯಮವು, ಕಾರ್ಖಾನೆಗೆ ಸಹಜವಾಗಿದ್ದರೂ, ಮನೆಯಲ್ಲಿ ದುಡಿಯುವ ಹೆಣ್ಣುಮಗಳ ವಾಸದ ಮನೆಯನ್ನೂ ಸ್ವಂತ ಮೊಬೈಲ್ ಸಂಖ್ಯೆಯನ್ನೂ ಅಪರಿಚಿತರ ಕೈಗೆ ಕೊಡುತ್ತದೆ. ಜಿಎಸ್‌ಟಿ ನೋಂದಣಿಗೆ ಮನೆಯ ದಾಖಲೆಯೊಂದಿಗೆ ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರವೂ ಬೇಕಾಗುವುದರಿಂದ, ಬಾಡಿಗೆ ಮನೆಯಲ್ಲಿರುವವಳು ತನ್ನ ಉದ್ಯಮಕ್ಕೆ ಮನೆಯೊಡೆಯರ ಅನುಮತಿಗೆ ಕಾಯಬೇಕಾಗುತ್ತದೆ.

ಜಿಎಸ್‌ಟಿಯ ಲೆಕ್ಕಾಚಾರವೂ ಸರಳವಲ್ಲ. ಹಪ್ಪಳಕ್ಕೆ ತೆರಿಗೆ ಇಲ್ಲ, ಆದರೆ ಉಪ್ಪಿನಕಾಯಿಗೆ ಇದೆ. ಅದರ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನೇರವಾಗಿ ರಾಜ್ಯದ ಮತ್ತೊಂದು ತುದಿಯ ಬೀದರ್‌ಗೆ ಮಾರಿದರೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಬೇಕಿಲ್ಲ. ಅದೇ ಬಾಟಲಿಯನ್ನು ಪಕ್ಕದ ಗೋವಾಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಕಡ್ಡಾಯವಾಗುತ್ತದೆ. ರಾಜ್ಯದ ಗಡಿಯೇ ಕಾಣದ ಮೊಬೈಲ್ ಮಾರುಕಟ್ಟೆಯಲ್ಲಿ ಈ ವ್ಯತ್ಯಾಸವನ್ನು ಅರಿತು ನಡೆಯಬೇಕೆಂದು ಒಂಟಿ ತಯಾರಕಿಯಿಂದ ನಿರೀಕ್ಷಿಸುವುದು ನ್ಯಾಯವಲ್ಲ.

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕುಗಳನ್ನು ಮಾರುವವರೂ ಆತಂಕಕ್ಕೊಳಗಾಗಿ, ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಫಲಕಗಳು ಕಾಣಿಸಿಕೊಂಡವು. ಬಳಿಕ ಸರ್ಕಾರವು ಸ್ಪಷ್ಟನೆ ನೀಡಿತಾದರೂ, ಆ ಪ್ರಸಂಗವು ಮನೆ ಉದ್ಯಮಕ್ಕೂ ಒಂದು ಎಚ್ಚರಿಕೆಯಾಗಿದೆ. ಸಂಸಾರದ ಖರ್ಚು, ನೆಂಟರು ಕಳಿಸಿದ ಹಣ, ಚೀಟಿಯ ಕಂತು ಮತ್ತು ಮಾರಾಟದ ದುಡ್ಡು ಒಂದೇ ಖಾತೆಯಲ್ಲಿ ಬೆರೆತಿರುವಾಗ, ಯಾವುದು ವಹಿವಾಟು, ಯಾವುದು ಅಲ್ಲ ಎಂದು ತೋರಿಸಿಕೊಡುವ ಹೊಣೆ ಆ ಮಹಿಳೆಯ ಮೇಲೆಯೇ ಬೀಳುತ್ತದೆ. ಉದ್ಯಮಕ್ಕೆ ಪ್ರತ್ಯೇಕ ಖಾತೆ ತೆರೆಯುವುದು ಅಗತ್ಯವಾದ ಮೊದಲ ಹೆಜ್ಜೆ, ಆದರೆ ಅದೊಂದರಿಂದಲೇ ಭಾರ ಇಳಿಯದು.

ಈ ಭಾರವನ್ನು ಹಂಚಿಕೊಳ್ಳುವ ಮಾದರಿ ಭಾರತದಲ್ಲಿ ಆಗಲೇ ಇದೆ. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಲಿಜ್ಜತ್ ಸಂಸ್ಥೆಯಲ್ಲಿ ಹಪ್ಪಳ ಲಟ್ಟಿಸುವ ಕೆಲಸ ಸದಸ್ಯೆಯರ ಮನೆಗಳಲ್ಲೇ ನಡೆದರೂ, ಹಿಟ್ಟು ನಾದುವುದು, ತೂಕ, ಗುಣಪರೀಕ್ಷೆ, ಪ್ಯಾಕಿಂಗ್ ಮತ್ತು ಮಾರಾಟದ ಹೊಣೆಯನ್ನು ಸಂಸ್ಥೆ ಹೊರುತ್ತದೆ. ಒಂದೇ ರುಚಿಯ ಸರಕಿಗೆ ಹೊಂದುವ ಆ ವ್ಯವಸ್ಥೆಯನ್ನು ಇಲ್ಲಿ ಹಾಗೆಯೇ ಅನುಕರಿಸಬೇಕಿಲ್ಲ. ರುಚಿ ಆಯಾ ಮನೆಯದಾಗಿ ಉಳಿದು, ಉಳಿದ ಕೆಲಸ ಸಂಘದ್ದಾದರೆ ಸಾಕು.

ತಾಲ್ಲೂಕಿಗೊಂದು ಸ್ವಸಹಾಯ ಸಂಘಗಳ ಒಕ್ಕೂಟವು ಸಾಮಾನ್ಯ ಪ್ಯಾಕಿಂಗ್ ಕೇಂದ್ರ, ಕೊರಿಯರ್ ಸಂಸ್ಥೆಗಳೊಡನೆ ಸಗಟು ದರದ ಒಪ್ಪಂದ, ಒಬ್ಬ ಲೆಕ್ಕಿಗರು ಮತ್ತು ದೂರು ಸ್ವೀಕರಿಸುವ ಒಂದು ದೂರವಾಣಿಯನ್ನು ಒದಗಿಸಬಹುದು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆಯು ಇಂಥ ಸಾಮಾನ್ಯ ಸೌಲಭ್ಯಗಳಿಗೂ ಶೇ. 35ರ ಸಹಾಯಧನವನ್ನು ಗೊತ್ತುಪಡಿಸಿದ್ದರಿಂದ, ಸರ್ಕಾರಕ್ಕೆ ಈ ಚಿಂತನೆ ಹೊಸದೇನಲ್ಲ. ಇದರ ಜೊತೆಗೆ, ಪೊಟ್ಟಣದ ಮೇಲೆ ಮನೆಯ ವಿಳಾಸದ ಬದಲು ಸಂಘದ ವಿಳಾಸವನ್ನು ನೋಂದಣಿ ಸಂಖ್ಯೆಯೊಂದಿಗೆ ಮುದ್ರಿಸಲು ನಿಯಮಗಳು ಅವಕಾಶ ಕೊಡಬೇಕು. ಯಾವ ಮನೆಯ ಸರಕು ಎಂಬುದು ಆ ಸಂಖ್ಯೆಯಿಂದ ಅಧಿಕಾರಿಗಳಿಗೆ ತಿಳಿಯುವುದರಿಂದ ಗ್ರಾಹಕರ ಸುರಕ್ಷತೆಗೆ ಕುಂದು ಬರುವುದಿಲ್ಲ. ಮಹಿಳೆಯರಿಗೆ ಆನ್‌ಲೈನ್ ಮಾರಾಟದ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚುವ ಇಲಾಖೆಗಳು ತಮ್ಮ ಮುಂದಿನ ಅನುದಾನವನ್ನು ಮೊದಲು ಈ ಕೇಂದ್ರಗಳಿಗೆ ಮೀಸಲಿಡಬೇಕು.