ಒಂದು ಪೆಟ್ಟಿಗೆಯೋ, ಎರಡೋ?

ಹಿಂಜವಾಡಿಯಲ್ಲಿ ಹೊಸದಾಗಿ ಸಂಸಾರ ಹೂಡಿರುವ ಸೋದರರೊಬ್ಬರ ಪ್ರಶ್ನೆ: ಮನೆಯ ಸಂಗೀತಕ್ಕೆ ಒಂದು ಸ್ಟೀರಿಯೋ ಆಂಪ್ಲಿಫಯರ್ ಕೊಳ್ಳಲೇ, ಎರಡು ಮೋನೋ ಕೊಳ್ಳಲೇ? ಊರಿನಿಂದ ಬಂದಿರುವ ತಾಯಿಯವರಿಗೆ ಸವಾಯಿ ಗಂಧರ್ವರ ಹಾಡು ಕೇಳಿಸಬೇಕಂತೆ.

ಮೊದಲು ಹೆಸರಿನ ತೊಡಕು ಬಿಡಿಸೋಣ. ಮೋನೋ ಆಂಪ್ಲಿಫಯರೆಂದರೆ ಒಂದೇ ಸ್ಪೀಕರನ್ನು ನಡೆಸುವ ಪೆಟ್ಟಿಗೆ; ಅಂಥವೆರಡು ಸೇರಿದರೆ ದೊರೆಯುವುದು ಸ್ಟೀರಿಯೋ ನಾದವೇ. ಸ್ಟೀರಿಯೋ ಪೆಟ್ಟಿಗೆಯಲ್ಲಿ ಎರಡೂ ಒಂದೇ ಸೂರಿನಡಿ ಒಕ್ಕಲು. ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರೂ ಒಂದೇ. ಬೇರೆಯಾದರೆ ಒಂದರ ಹಸಿವು ಇನ್ನೊಂದನ್ನು ಕಾಡದು. ಸ್ಪೀಕರಿನ ಪಕ್ಕದಲ್ಲಿಟ್ಟು ತಂತಿ ಗಿಡ್ಡ ಮಾಡಬಹುದು. ದೊಡ್ಡ ಹಜಾರಕ್ಕೆ, ಹೆಚ್ಚು ವಿದ್ಯುತ್ ಬೇಡುವ ಸ್ಪೀಕರಿಗೆ ಅದು ಸರಿಯೇ.

ಫ್ಲ್ಯಾಟಿನ ನಡುಮನೆಗೆ ಅಷ್ಟೇಕೆ? ವಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಅಷ್ಟರಲ್ಲಿ ನೆರೆಯವರು ಬಾಗಿಲು ತಟ್ಟಿಯಾರು!

ಇನ್ನು ತಾಯಿಯವರ ಮಾತು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಸ್ಟೀರಿಯೋ ಗ್ರಾಮಫೋನ್ ತಟ್ಟೆ ವಿದೇಶದ ಅಂಗಡಿಗಳಿಗೇ ಬಂದದ್ದು 1958ರ ಸುಮಾರಿಗೆ. ಅವರ ಮುದ್ರಿಕೆಗಳೆಲ್ಲ ಮೋನೋ. ಎರಡು ಸ್ಪೀಕರಿನಲ್ಲೂ ಬರುವುದು ಅದೇ ದನಿ. ಎಷ್ಟು ಪೆಟ್ಟಿಗೆ ಕೊಂಡರೂ ತಂಬೂರಿ ಎಡಕ್ಕೆ, ತಬಲಾ ಬಲಕ್ಕೆ ಸರಿಯವು. ಅವರ ಶಿಷ್ಯ, ಗದಗಿನ ಕಡೆಯ ಭೀಮಸೇನ ಜೋಶಿಯವರ ಈಚಿನ ಸ್ಟೀರಿಯೋ ಮುದ್ರಿಕೆಗಳಿಗೂ ಒಂದು ಒಳ್ಳೆಯ ಸ್ಟೀರಿಯೋ ಪೆಟ್ಟಿಗೆಯೇ ಸಾಕು.

ಉಳಿದ ಹಣವನ್ನು ಸ್ಪೀಕರಿಗೆ ಹಾಕಿರಿ. ತಾಯಿಯವರ ಕುರ್ಚಿ ಎರಡಕ್ಕೂ ಸಮದೂರದಲ್ಲಿರಲಿ. ಆಗ ಹಾಡು ನಟ್ಟನಡುವಿನಿಂದ ಬಂದಂತೆ ಕೇಳಿಸುತ್ತದೆ.