ಜಠರದ ಕ್ಯಾನ್ಸರ್: ಕ್ಯಾಲ್ಸಿಯಂ ಮಾಡುವ ಕೆಲಸವೇನು?

ಜಠರದ ಕ್ಯಾನ್ಸರ್‌ಗೂ ಕ್ಯಾಲ್ಸಿಯಂಗೂ ನಂಟಿದೆ ಎಂದು ಕೇಳಿದವರು ಮೊದಲು ಗಾಬರಿಯಾಗುವುದು ಊಟದ ಬಗ್ಗೆ. ರಾಗಿ, ಹಾಲು ಬಿಡಬೇಕೇ? ಮೂಳೆಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆ ನಿಲ್ಲಿಸಬೇಕೇ? ಬೇಡ. ನಂಟಿರುವುದು ನಿಜ, ಆದರೆ ಅದನ್ನು ಹುಡುಕಬೇಕಾದದ್ದು ತಟ್ಟೆಯಲ್ಲಲ್ಲ, ಜೀವಕೋಶದೊಳಗೆ.

1883ರ ಹೊತ್ತಿಗೆ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡುತ್ತಿದ್ದರು. ನಲ್ಲಿ ನೀರಿನಲ್ಲಿ ಮಾಡಿದ ಉಪ್ಪುದ್ರಾವಣದಲ್ಲಿ ಬಡಿಯುತ್ತಿದ್ದ ಹೃದಯ, ಭಟ್ಟಿಯಿಳಿಸಿದ ನೀರಿನದರಲ್ಲಿ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದು ಬಡಿಯುವಂತೆ ಮಾಡುತ್ತಿತ್ತು. ಮೂಳೆ ಕಟ್ಟುವ ಈ ವಸ್ತು ಜೀವಕೋಶಗಳಿಗೆ ಅಪ್ಪಣೆ ಕೊಡುವ ವಸ್ತುವೂ ಹೌದೆಂದು ಕ್ರಮೇಣ ತಿಳಿಯಿತು.

ಜೀವಕೋಶದ ಹೊರಗಿರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಕೋಶ ಅದನ್ನು ಸದಾ ಹೊರದೂಡುತ್ತಲೋ ಒಳಗಿನ ಉಗ್ರಾಣಕ್ಕೆ ತುಂಬುತ್ತಲೋ ಇರುತ್ತದೆ. ಬಾಗಿಲು ತೆರೆದಾಗ ಕ್ಷಣಕಾಲ ಕ್ಯಾಲ್ಸಿಯಂ ಏರುತ್ತದೆ, ಮತ್ತೆ ಇಳಿಯುತ್ತದೆ. ಪಂದಲೂರಿನಂಥ ಚಹಾ ಸೀಮೆಯಲ್ಲಿ ಕಾರ್ಖಾನೆಯ ಸೈರನ್ ಯಾವಾಗ, ಎಷ್ಟು ಹೊತ್ತು ಕೂಗಿತು ಎಂಬುದರಿಂದಲೇ ಕೆಲಸದ ವೇಳೆ ತಿಳಿಯುವ ಹಾಗೆ, ಈ ಏರಿಳಿತದ ಲಯವೇ ಸಂದೇಶ. ಜಠರದಲ್ಲಿ ಆಮ್ಲ ಸುರಿಸುವುದಕ್ಕೂ ಲೋಳೆ ಒಸರುವುದಕ್ಕೂ ಅದು ಬೇಕು. ಕೋಶ ಒಡೆದು ಎರಡಾಗುವುದರಲ್ಲಿ, ಚಲಿಸುವುದರಲ್ಲಿ, ಕಾಲ ಬಂದಾಗ ಸಾಯುವುದರಲ್ಲೂ ಅದರ ಪಾತ್ರವಿದೆ.

ಕ್ಯಾನ್ಸರ್ ಕೋಶ ಕೆಡಿಸುವುದು ಈ ಲಯವನ್ನು. ಉಗ್ರಾಣ ಬರಿದಾದುದನ್ನು ಗ್ರಹಿಸುವ ಸ್ಟಿಮ್1, ಹೊರಗಿನ ಕ್ಯಾಲ್ಸಿಯಂಗೆ ದಾರಿ ಬಿಡುವ ಓರೈ1 ಎಂಬ ಪ್ರೋಟೀನುಗಳು ಜಠರದ ಗಡ್ಡೆಗಳಲ್ಲಿ ಅತಿಯಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ಇನ್ನೊಂದು ಮುಖ್ಯ ಕೊಂಡಿ ಇ-ಕ್ಯಾಡ್ಹೆರಿನ್. ಅಕ್ಕಪಕ್ಕದ ಕೋಶಗಳನ್ನು ಬೆಸೆದಿಡುವ ಈ ಪ್ರೋಟೀನು ಗಟ್ಟಿಯಾಗಿ ನಿಲ್ಲುವುದು ಕ್ಯಾಲ್ಸಿಯಂ ಆಸರೆಯಿಂದ. 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಬರುತ್ತಿದ್ದ ಜಠರದ ಕ್ಯಾನ್ಸರ್‌ಗೆ ಇದರ ಜೀನಿನ ದೋಷವೇ ಕಾರಣವೆಂದು ಗೊತ್ತಾಯಿತು. ಬೆಸುಗೆ ಬಿಟ್ಟ ಕೋಶಗಳು ಚದುರಿ ಜಠರದ ಗೋಡೆಯೊಳಗೆ ಹರಡಿಕೊಳ್ಳುತ್ತವೆ.

ಇಂಥ ವಂಶದ ದೋಷ ಅಪರೂಪ. ನಮ್ಮಲ್ಲಿ ಹೆಚ್ಚು ಗಮನಿಸಬೇಕಾದದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ಗುರುತಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತ್ತು. ಅದರ ವಿಷಗಳು ಜಠರದ ಕೋಶಗಳ ಕ್ಯಾಲ್ಸಿಯಂ ಲಯವನ್ನೂ ಕಲಕುತ್ತವೆ. ಸೋಂಕು ತಗುಲಿದ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ, ನಿಜ. ಆದರೆ ವೈದ್ಯರ ಸಲಹೆಯಂತೆ ಆ್ಯಂಟಿಬಯಾಟಿಕ್ ತೆಗೆದುಕೊಂಡು ಅದನ್ನು ನಿರ್ಮೂಲ ಮಾಡಬಹುದು. ತಂಬಾಕು, ಅತಿ ಉಪ್ಪು ಹಾಕಿಟ್ಟ ಆಹಾರ ಅಪಾಯವನ್ನು ಹೆಚ್ಚಿಸುತ್ತವೆ.

ಗಡ್ಡೆಯ ಕ್ಯಾಲ್ಸಿಯಂ ಬಾಗಿಲುಗಳನ್ನೇ ಮುಚ್ಚುವ ಔಷಧ ಜಠರದ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯಲ್ಲಿ ಇನ್ನೂ ಬಳಕೆಗೆ ಬಂದಿಲ್ಲ. ಬಿ.ಪಿ.ಗೆ ನುಂಗುವ ಆಮ್ಲೋಡಿಪಿನ್ ಕೂಡ ಕ್ಯಾಲ್ಸಿಯಂ ಬಾಗಿಲನ್ನೇ ತಡೆಯುತ್ತದೆ, ಆದರೆ ಅದು ಬೇರೆ ಬಾಗಿಲು. ಈ ಲೆಕ್ಕದಲ್ಲಿ ಅದನ್ನು ಶುರುಮಾಡುವುದೂ ಬಿಡುವುದೂ ತಪ್ಪು.

ನನ್ನನ್ನು ಕಾಡುವುದು ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ. ದಿನಗೂಲಿ ಬಿಟ್ಟು ಪಂದಲೂರಿನಿಂದ ಗೂಡಲೂರಿಗೋ ಸುಲ್ತಾನ್ ಬತ್ತೇರಿಗೋ ಹೋಗುವುದಕ್ಕಿಂತ ಮಾತ್ರೆ ಅಗಿಯುವುದು ಸುಲಭವೆನಿಸುವುದು ಸಹಜ. ಉರಿ ಅದರಿಂದ ತಗ್ಗುತ್ತದೆ, ಹುಣ್ಣೋ ಗಡ್ಡೆಯೋ ಎಂಬುದು ಮಾತ್ರ ತಿಳಿಯುವುದಿಲ್ಲ. ತೂಕ ಇಳಿಯುತ್ತಿದ್ದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ನುಂಗಲು ಕಷ್ಟವಾದರೆ, ಪದೇ ಪದೇ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ವೈದ್ಯರಿಗೆ ತೋರಿಸಿ ಎಂಡೋಸ್ಕೋಪಿಯ ಬಗ್ಗೆ ಕೇಳಬೇಕು. ಸಂಶಯ ಬಂದ ಕಡೆಯಿಂದ ಆಗಲೇ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಬಹುದು.